ಕೊನೆಯಲ್ಲಿ ಉಣ್ಣುವವರ ಉಪ್ಪು: 47ರ ಗೃಹಿಣಿಯೊಬ್ಬರ ರಕ್ತದೊತ್ತಡ, ಒಂದು ಪ್ರಕರಣ ಅಧ್ಯಯನ

ಎರಡು ಬಗೆಯ ಮಾತ್ರೆ ತಪ್ಪದೆ ನುಂಗಿದರೂ ಬಿಪಿ ಇಳಿಯದಿದ್ದರೆ ಮೂರನೆಯದನ್ನು ಬರೆಯುವುದು ವಾಡಿಕೆ. ಅದು ತಪ್ಪೂ ಅಲ್ಲ. ಏರಿದ ಒತ್ತಡವನ್ನು ಹಾಗೇ ಬಿಡುವುದಕ್ಕಿಂತ ಮಾತ್ರೆ ಎಷ್ಟೋ ಮೇಲು. ಇಲ್ಲಿ ಹೇಳಹೊರಟಿರುವ ಪ್ರಕರಣದಲ್ಲಿ ಮಾತ್ರ ಮೂರನೆಯ ಮಾತ್ರೆಗೆ ಮುನ್ನ ಆರು ವಾರ ತಡೆದು, ಮನೆಯ ಉಪ್ಪನ್ನು ತಕ್ಕಡಿಗೆ ಹಾಕಿ, ಯಾರು ಯಾವ ಹೊತ್ತಿಗೆ ಏನು ಉಣ್ಣುತ್ತಾರೆ ಎಂದು ಬರೆಸಿ ನೋಡಲಾಯಿತು. ಗುರುತು ಸಿಗಬಾರದೆಂದು ಊರು, ಮನೆ, ವಯಸ್ಸಿನ ವಿವರಗಳನ್ನು ಬದಲಿಸಿದೆ. ಒಂದೇ ಬಗೆಯ ಕೆಲವು ರೋಗಿಗಳ ವಿವರಗಳನ್ನು ಒಂದೇ ಪ್ರಕರಣವಾಗಿ ಹೆಣೆದಿದೆ.

ಹಿನ್ನೆಲೆ

ಮಲೆನಾಡಿನ ಅಡಿಕೆ ತೋಟದ ಮನೆ. ಉಣ್ಣುವವರು ನಾಲ್ವರು: 74ರ ಅತ್ತೆ, 53ರ ಪತಿ, ಕಾಲೇಜಿಗೆ ಹೋಗುವ ಮಗಳು, ಅಡುಗೆ ನೋಡಿಕೊಳ್ಳುವ ಗೃಹಿಣಿ. ಪ್ರಕರಣ ಈ ಗೃಹಿಣಿಯದು. ವಯಸ್ಸು 47, ಎತ್ತರ 154 ಸೆಂಟಿಮೀಟರ್, ತೂಕ 66 ಕಿಲೋ. ಮುಟ್ಟು ಏರುಪೇರಾಗತೊಡಗಿ ಒಂದು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಇಲ್ಲ, ಥೈರಾಯ್ಡ್ ಸರಿಯಿದೆ, ತಂಬಾಕಿನ ಅಭ್ಯಾಸವಿಲ್ಲ. ತಾಯಿಗೆ ಬಿಪಿ ಇತ್ತು, ಅರವತ್ತು ತುಂಬುವ ಮೊದಲೇ ಪಾರ್ಶ್ವವಾಯು ಬಡಿದಿತ್ತು.

ಅಕ್ಟೋಬರ್‌ನಲ್ಲಿ ಊರಿನ ತಪಾಸಣಾ ಶಿಬಿರದಲ್ಲಿ 164/102 ಬಂತು. ಬೇರೆ ಎರಡು ದಿನ ಮತ್ತೆ ನೋಡಿದಾಗಲೂ 140/90ರ ಗಡಿಗಿಂತ ಬಹಳ ಮೇಲೇ ಇತ್ತು. ಬಿಪಿ ಇಳಿಸುವ ಅಮ್ಲೋಡಿಪಿನ್ ಮಾತ್ರೆ 5 ಮಿಲಿಗ್ರಾಂ ಶುರುವಾಯಿತು. ಜನವರಿಯಲ್ಲಿ 152/96 ಇದ್ದುದರಿಂದ ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಸೇರಿತು. ಮಾರ್ಚ್‌ನಲ್ಲಿ ಮನೆಯ ಯಂತ್ರದ ಸರಾಸರಿ 142/90. ಇನ್ನೇನು ಹಿಡಿತಕ್ಕೆ ಬಂತು ಎನ್ನುವಷ್ಟರಲ್ಲಿ ಮೇ ಕೊನೆಗೆ ಮನೆಯ ಸರಾಸರಿಯೇ 151/95ಕ್ಕೆ ಏರಿತ್ತು. ಪ್ರತಿ ಭೇಟಿಯ ಚೀಟಿಯಲ್ಲೂ "ಉಪ್ಪು ಕಡಿಮೆ ಮಾಡಿ" ಎಂಬ ಒಂದು ಸಾಲು ಇದ್ದೇ ಇತ್ತು.

ಮೇ ತಿಂಗಳ ಏರಿಕೆಯೇ ಮೊದಲ ಸುಳಿವು. ಬೇಸಿಗೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ, ಬೆವರಿನಲ್ಲಿ ನೀರು, ಉಪ್ಪು ಹೊರಹೋಗಿ ಬಿಪಿ ಸಾಮಾನ್ಯವಾಗಿ ತುಸು ಇಳಿಯುತ್ತದೆ. ಮಾತ್ರೆ ಬದಲಾಗದೆ ಬೇಸಿಗೆಯಲ್ಲೇ ಏರಿದರೆ ಆ ಕಾಲದಲ್ಲಿ ಮನೆಯಲ್ಲಿ ಏನು ಬದಲಾಗಿದೆ ಎಂದು ಕೇಳಬೇಕು. ಮಲೆನಾಡಿನ ಮನೆಗಳಲ್ಲಿ ಏಪ್ರಿಲ್, ಮೇ ಎಂದರೆ ಮಿಡಿ ಉಪ್ಪಿಗೆ ಹಾಕುವ, ಹಲಸಿನ ಹಪ್ಪಳ ಲಟ್ಟಿಸುವ, ಸಂಡಿಗೆ ಇಡುವ, ಮಜ್ಜಿಗೆ ಮೆಣಸು ಒಣಗಿಸುವ ಕಾಲ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಉಪ್ಪಿನ ಪದಾರ್ಥವೆಲ್ಲ ಆಗಲೇ ತಯಾರಾಗಬೇಕು. ರುಚಿ ನೋಡುವುದೂ ಈ ಗೃಹಿಣಿಯದೇ ಕೆಲಸ.

ತಡೆಯುವ ಮುನ್ನ ನೋಡಿದ್ದು

ಮಾತ್ರೆ ಏರಿಸದೆ ಆರು ವಾರ ಕಾಯುವುದು ಎಲ್ಲರಿಗೂ ಹೊಂದುವ ನಿರ್ಧಾರವಲ್ಲ. ಇಸಿಜಿ ಸರಿಯಿತ್ತು, ಮೂತ್ರಪಿಂಡದ ಕೆಲಸ ಹೇಳುವ ಕ್ರಿಯಾಟಿನಿನ್ 0.8, ರಕ್ತದ ಪೊಟ್ಯಾಸಿಯಂ 4.3, ಎರಡೂ ಸರಿಯೇ; ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ, ಎದೆನೋವು, ಉಸಿರುಕಟ್ಟು ಯಾವುದೂ ಇರಲಿಲ್ಲ. ಇವುಗಳಲ್ಲಿ ಒಂದು ಕೆಟ್ಟಿದ್ದರೂ, ಅಥವಾ ಮನೆಯ ಸರಾಸರಿ 160 ದಾಟಿದ್ದರೂ, ಅಂದೇ ಮೂರನೆಯ ಮಾತ್ರೆ ಸೇರಿಸಿ ಊಟದ ವಿಚಾರಣೆಯನ್ನು ಅದರ ಜೊತೆಗೇ ನಡೆಸಬೇಕಾಗುತ್ತಿತ್ತು.

ಮಾತ್ರೆ ನಿಜವಾಗಿ ಹೊಟ್ಟೆ ಸೇರುತ್ತಿದೆಯೇ ಎಂದು ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನು ತರಿಸಿ ಎಣಿಸಲಾಯಿತು, ಲೆಕ್ಕ ಸರಿಯಿತ್ತು. ಆಮೇಲೆ ಯಂತ್ರದ ಸರದಿ. ಅವರ ತೋಳಿನ ಸುತ್ತಳತೆ 34 ಸೆಂಟಿಮೀಟರ್. ಮನೆಯ ಯಂತ್ರದಲ್ಲಿ ತೋಳಿಗೆ ಸುತ್ತುವ ಪಟ್ಟಿ 22ರಿಂದ 32ರವರೆಗಿನ ತೋಳಿಗೆ ಮಾಡಿದ್ದು. ತೋಳಿಗೆ ಚಿಕ್ಕದಾದ ಪಟ್ಟಿ ಬಿಪಿಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡ ಪಟ್ಟಿ ತರಿಸಿ ಒಂದು ವಾರ ಅಳೆದಾಗ ಸರಾಸರಿ 146/92 ಬಂತು. ಐದು ಅಂಕ ಬರೀ ಪಟ್ಟಿಯದ್ದಾಗಿತ್ತು.

ಅಳೆಯುವ ಕ್ರಮವನ್ನೂ ಬರೆದುಕೊಡಲಾಯಿತು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿ ಮತ್ತು ಮಾತ್ರೆಗೆ ಮುಂಚೆ. ಸಂಜೆ ಊಟಕ್ಕೆ ಮುಂಚೆ. ಬೆನ್ನಿಗೆ ಒರಗು, ಕಾಲು ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಐದು ನಿಮಿಷ ಮಾತಿಲ್ಲದೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಏಳು ದಿನ ಬರೆದು, ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ. ಹೀಗೆ ಮನೆಯಲ್ಲಿ ಅಳೆದಾಗ ಗಡಿ 135/85 ಎಂಬುದು ನೆನಪಿರಬೇಕು. ದವಾಖಾನೆಯ 140/90ಕ್ಕೆ ಅದು ಸಮ.

ಆಗಲೇ ಮಾಡಿ ಸೋತದ್ದು

"ಉಪ್ಪು ಕಡಿಮೆ ಮಾಡಿ" ಎಂಬ ಮಾತನ್ನು ಅವರು ಕಡೆಗಣಿಸಿರಲಿಲ್ಲ. ಮೂರು ದಾರಿ ಹಿಡಿದಿದ್ದರು, ಮೂರೂ ಸೋತಿದ್ದವು. ಯಾಕೆ ಸೋತವು ಎಂಬುದರಲ್ಲೇ ಈ ಪ್ರಕರಣದ ಬಹುಪಾಲು ಇದೆ.

ಮೊದಲು, ಎಲೆಯ ತುದಿಗೆ ಬಡಿಸಿಕೊಳ್ಳುತ್ತಿದ್ದ ಮೇಲುಪ್ಪನ್ನು ಬಿಟ್ಟರು. ಒಳ್ಳೆಯದೇ. ಆದರೆ ದಿನಕ್ಕೆ ಒಂದು ಚಿಟಿಕೆಯಷ್ಟು ತಿನ್ನುತ್ತಿದ್ದ ಉಪ್ಪು ಅದು. ಅರ್ಧ ಗ್ರಾಂ ಕೂಡ ಇರಲಾರದು.

ಎರಡನೆಯದಾಗಿ, ಪರಿಚಿತರ ಮಾತು ಕೇಳಿ ಪುಡಿ ಉಪ್ಪಿನ ಬದಲು ಗುಲಾಬಿ ಬಣ್ಣದ ಕಲ್ಲುಪ್ಪು ತರಿಸಿದರು. ಸೈಂಧವ ಲವಣವೆನ್ನಿ, ಹಿಮಾಲಯದ ಉಪ್ಪೆನ್ನಿ, ಅದರಲ್ಲಿ ಇರುವುದು ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಬಣ್ಣ ಕೊಡುವ ಖನಿಜಗಳ ಪ್ರಮಾಣ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹರಳು ದಪ್ಪವಾದ್ದರಿಂದ ಬೇಗ ಕರಗದೆ, ರುಚಿ ಸಾಲದೆಂದು ಇನ್ನೊಂದಿಷ್ಟು ಬೀಳುತ್ತಿತ್ತು. ಜೊತೆಗೆ ಈ ಉಪ್ಪಿಗೆ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಇಡೀ ಮನೆ ಅಯೋಡಿನ್ ಕಳೆದುಕೊಂಡು, ಸೋಡಿಯಂ ಅಷ್ಟೇ ಉಳಿಸಿಕೊಂಡಿತ್ತು.

ಮೂರನೆಯ ಯತ್ನ ತಮಗಾಗಿ ಬೇರೆ ಸಪ್ಪೆ ಅಡುಗೆ. ಒಂದೂವರೆ ವಾರದೊಳಗೆ ನಿಂತಿತು. ನಾಲ್ವರಿಗೆ ಬೇಯಿಸುವವರು ತಮಗೊಂದು ಬೇರೆ ಪಾತ್ರೆ ಇಡುವುದು ಎಷ್ಟು ದಿನ ನಡೆದೀತು? ನಡೆದಷ್ಟು ದಿನವೂ ಸಪ್ಪೆ ಹುಳಿ ಗಂಟಲಲ್ಲಿ ಇಳಿಯದೆ ಉಪ್ಪಿನಕಾಯಿಯ ಮಿಡಿ ಒಂದಿದ್ದದ್ದು ಎರಡಾಗಿತ್ತು. ಪಾತ್ರೆಯಲ್ಲಿ ಇಳಿದ ಉಪ್ಪು ತಟ್ಟೆಯ ಅಂಚಿನಲ್ಲಿ ಬಡ್ಡಿ ಸಮೇತ ಮರಳಿತ್ತು.

ಉಪ್ಪಿನ ಲೆಕ್ಕ

"ಎಷ್ಟು ಉಪ್ಪು ತಿನ್ನುತ್ತೀರಿ?" ಎಂಬ ಪ್ರಶ್ನೆಗೆ ಯಾರಿಂದಲೂ ಸರಿಯಾದ ಉತ್ತರ ಸಿಗದು. ಎಲ್ಲರೂ "ನಮ್ಮನೇಲಿ ಕಮ್ಮಿನೇ" ಎನ್ನುತ್ತಾರೆ, ಸುಳ್ಳು ಹೇಳುವ ಉದ್ದೇಶವೂ ಇರುವುದಿಲ್ಲ. ಆದ್ದರಿಂದ ಕೇಳುವುದನ್ನು ಬಿಟ್ಟು ತೂಗಲಾಯಿತು. ಉಪ್ಪಿನ ಮರಿಗೆಯನ್ನು ಒಂದು ಸೋಮವಾರ ತೂಗಿ, ಮುಂದಿನ ಸೋಮವಾರ ಮತ್ತೆ ತೂಗಿದರೆ ಏಳು ದಿನಕ್ಕೆ ಖರ್ಚಾದದ್ದು 196 ಗ್ರಾಂ. ನಾಲ್ವರಿಗೆ ಹಂಚಿದರೆ ತಲೆಗೆ ದಿನಕ್ಕೆ 7 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯೂ ಹೇಳುವ ಮಿತಿ 5 ಗ್ರಾಂ, ಅಂದರೆ ಹೆಚ್ಚೂ ಕಡಿಮೆ ಒಂದು ಟೀ ಚಮಚ. ಏಳು ಗ್ರಾಂ ಹೆಚ್ಚೇ ಆದರೂ ಎರಡು ಮಾತ್ರೆಯನ್ನು ಸೋಲಿಸುವಷ್ಟು ಅಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಉಪ್ಪು ನಿರ್ದೋಷಿ ಎಂದು ತೀರ್ಮಾನವಾಗುತ್ತಿತ್ತು. 24 ಗಂಟೆಯ ಮೂತ್ರ ಪರೀಕ್ಷೆ ಅದನ್ನು ತಡೆಯಿತು. ಬೆಳಿಗ್ಗೆಯ ಮೊದಲ ಮೂತ್ರವನ್ನು ಚೆಲ್ಲಿ, ಆಮೇಲಿನದೆಲ್ಲವನ್ನೂ ಮರುದಿನ ಬೆಳಗಿನ ಮೊದಲನೆಯದು ಸೇರಿಸಿ ಒಂದೇ ಕ್ಯಾನಿನಲ್ಲಿ ಹಿಡಿಯಬೇಕು. ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ಅದಕ್ಕೇ ಅದೇ ಮೂತ್ರದ ಕ್ರಿಯಾಟಿನಿನ್ ಕೂಡ ನೋಡಿ, ತೂಕಕ್ಕೆ ತಕ್ಕಷ್ಟಿದೆಯೇ ಎಂದು ತಾಳೆ ಹಾಕುತ್ತಾರೆ. ಫಲಿತಾಂಶ 212 ಮಿಲಿಮೋಲ್ ಸೋಡಿಯಂ. ಒಂದು ಗ್ರಾಂ ಉಪ್ಪಿಗೆ ಸುಮಾರು 17 ಮಿಲಿಮೋಲ್, ಹಾಗಾಗಿ 12 ಗ್ರಾಂ ದಾಟಿತು. ತಿಂದ ಸೋಡಿಯಂನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮಾತ್ರ ಮೂತ್ರದಲ್ಲಿ ಬರುವುದರಿಂದ ನಿಜವಾಗಿ ತಿಂದದ್ದು 14 ಗ್ರಾಂ ಹತ್ತಿರ.

ಮರಿಗೆ ಹೇಳಿದ್ದು 7, ಮೂತ್ರ ಹೇಳಿದ್ದು 14. ಉಳಿದ ಏಳು ಎಲ್ಲಿಂದ?

ಮೂರು ದಿನದ ಊಟವನ್ನು ಹೊತ್ತಿನ ಸಮೇತ ಬರೆಸಿದಾಗ ಕಂಡಿತು. ಮನೆಯವರೆಲ್ಲ ಉಂಡು ಎದ್ದ ಮೇಲೆ, ಮಧ್ಯಾಹ್ನ ಎರಡೂವರೆಗೆ ಅವರು ಕೂರುತ್ತಾರೆ. ಅಷ್ಟು ಹೊತ್ತಿಗೆ ಪಲ್ಯ ಖಾಲಿ, ಹುಳಿಯಲ್ಲಿ ಹೋಳು ಇಲ್ಲ. ಅರ್ಧಕ್ಕಿಂತ ಹೆಚ್ಚು ಅನ್ನ ಮೊಸರಿಗೇ ಹೋಗುತ್ತದೆ, ಮೊಸರನ್ನಕ್ಕೆ ಮಿಡಿ ಬೇಕು. ರಾತ್ರಿಯೂ ಇದೇ. ಮನೆಯ ಮಿಡಿಯೊಂದನ್ನು ರಸದ ಸಮೇತ ಚಮಚದಲ್ಲಿ ತೂಗಿದರೆ 14 ಗ್ರಾಂ. ಹಾಕಿದ ಉಪ್ಪಿನ ಅಳತೆಯಿಂದ ಲೆಕ್ಕ ಹಿಡಿದರೆ ಅದರಲ್ಲಿ ಒಂದೂವರೆ ಗ್ರಾಂ ಉಪ್ಪು. ಮಿಡಿ ಕಚ್ಚಿ, ಓಟೆ ಚೀಪಿ, ಉಳಿದ ರಸಕ್ಕೆ ಇನ್ನೆರಡು ತುತ್ತು ಅನ್ನ ಕಲಸಿದರೆ ಅಷ್ಟೂ ಹೊಟ್ಟೆಗೆ. ಎರಡು ಊಟಕ್ಕೆ 3 ಗ್ರಾಂ. ಹಪ್ಪಳ, ಮಜ್ಜಿಗೆ ಮೆಣಸು, ಲಟ್ಟಿಸುವಾಗ ಬಾಯಿಗೆ ಹೋಗುವ ಹಸಿ ಹಿಟ್ಟು ಸೇರಿ 1 ಗ್ರಾಂ. ಸಂಜೆ ಕಾಫಿಗೆ ಬೇಕರಿಯ ಖಾರ ಒಂದು ಹಿಡಿ, ಸುಮಾರು 1 ಗ್ರಾಂ.

ಇನ್ನೂ 2 ಗ್ರಾಂ ಬಾಕಿಯಿತ್ತು. ಅದು ಊಟದ ಪಟ್ಟಿಯಲ್ಲಿ ಇರಲೇ ಇಲ್ಲ. "ಊಟ ಬಿಟ್ಟು ಬೇರೆ ಏನು ಕುಡಿಯುತ್ತೀರಿ?" ಎಂದಾಗ ಸಿಕ್ಕಿತು: ರಾತ್ರಿ ಎದೆಯುರಿಗೆ ನೀರಲ್ಲಿ ಹಾಕಿದರೆ ನೊರೆ ಉಕ್ಕುವ ಐದು ಗ್ರಾಮಿನ ಪುಡಿ ಪೊಟ್ಟಣ, ಹೆಚ್ಚುಕಡಿಮೆ ದಿನವೂ. ಇಂಥ ಪುಡಿಗಳಲ್ಲಿ ಮುಖ್ಯವಾಗಿ ಇರುವುದು ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾ. ಒಂದು ಪೊಟ್ಟಣದಲ್ಲಿ ಸುಮಾರು 850 ಮಿಲಿಗ್ರಾಂ ಸೋಡಿಯಂ, ಎರಡು ಗ್ರಾಂ ಉಪ್ಪಿನಲ್ಲಿ ಇರುವಷ್ಟು. ಸೋಡಾದ ಸೋಡಿಯಂ ಉಪ್ಪಿನಷ್ಟೇ ಒತ್ತಡ ಏರಿಸುತ್ತದೆಯೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಆದರೂ ಬಿಪಿ ಇರುವವರು ದಿನವೂ ಕುಡಿಯುವ ವಸ್ತು ಅದಲ್ಲ.

ಎದೆಯುರಿ ಯಾಕೆ ಎಂದು ಹಿಂದಕ್ಕೆ ಹೋದರೆ ಮತ್ತೊಂದು ಗಂಟು ಬಿಚ್ಚಿತು. ರಾತ್ರಿ ಹತ್ತಕ್ಕೆ ಊಟ, ಹತ್ತೂವರೆಗೆ ಮಲಗುವುದು ಒಂದು ಕಾರಣ. ಇನ್ನೊಂದು, ನೆಲದಲ್ಲಿ ಕೂತು ಹಪ್ಪಳ ಲಟ್ಟಿಸಿ ಬಂದ ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ತಂದು ವಾರಕ್ಕೆ ಮೂರು ನಾಲ್ಕು ಸಲ ನುಂಗುತ್ತಿದ್ದ ಡೈಕ್ಲೋಫೆನಾಕ್. ಈ ಗುಂಪಿನ ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆಡಿಸುತ್ತವೆ, ಮೂತ್ರಪಿಂಡ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ ಬಿಪಿ ಏರಿಸುತ್ತವೆ, ಟೆಲ್ಮಿಸಾರ್ಟಾನ್ ಜೊತೆ ಸೇರಿದರೆ ಮೂತ್ರಪಿಂಡಕ್ಕೇ ಅಪಾಯ. ನೋವಿಗೆ ಮಾತ್ರೆ, ಮಾತ್ರೆಯಿಂದ ಎದೆಯುರಿ, ಎದೆಯುರಿಗೆ ಸೋಡಾ. ಬಿಪಿಗೆಂದು ಬರೆದ ಯಾವ ಚೀಟಿಯಲ್ಲೂ ಇವುಗಳ ಸುದ್ದಿ ಇರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಎರಡು ಮಾತ್ರೆ ಯಾಕೆ ಸೋತವು ಎಂಬುದೂ ಈಗ ಸ್ಪಷ್ಟ. ಉಪ್ಪು ಹೆಚ್ಚಾದಾಗ ಅದನ್ನು ತಿಳಿಗೊಳಿಸಲು ದೇಹ ನೀರು ಹಿಡಿಯುತ್ತದೆ, ರಕ್ತದ ಗಾತ್ರ ಏರುತ್ತದೆ. ಇಪ್ಪತ್ತರ ವಯಸ್ಸಿನ ಮೂತ್ರಪಿಂಡ ಹೆಚ್ಚಾದದ್ದನ್ನು ಬೇಗ ಹೊರಹಾಕೀತು, ಮೆತ್ತಗಿನ ರಕ್ತನಾಳ ಹಿಗ್ಗಿ ಜಾಗ ಕೊಟ್ಟೀತು. ನಲವತ್ತೈದು ದಾಟಿದ ಮೇಲೆ ಎರಡೂ ಕಡಿಮೆಯಾಗುತ್ತವೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಉಪ್ಪಿಗೆ ಬಿಪಿ ಏರುವ ಗುಣ ಇನ್ನಷ್ಟು ಹೆಚ್ಚುತ್ತದೆ. ಟೆಲ್ಮಿಸಾರ್ಟಾನ್ ಗುಂಪಿನ ಮಾತ್ರೆಗಳಂತೂ ಉಪ್ಪು ತುಂಬಿದ ಮೈಯಲ್ಲಿ ಮಂಕಾಗಿಯೇ ಕೆಲಸ ಮಾಡುತ್ತವೆ.

ಏನನ್ನು ಬದಲಿಸಿದ್ದು, ಏನನ್ನು ಬಿಟ್ಟದ್ದು

ಮೊದಲು ನೋವಿನ ಮಾತ್ರೆ ಮತ್ತು ಸೋಡಾ ಪುಡಿ ನಿಂತವು. ಮಂಡಿಗೆ ಬಿಸಿ ಶಾಖ, ಲಟ್ಟಿಸಲು ಎತ್ತರದ ಮೇಜು, ತಡೆಯದಾದರೆ ಮಾಮೂಲು ಪ್ಯಾರಾಸಿಟಮಾಲ್. ನೀರಲ್ಲಿ ಕರಗುವ ಪ್ಯಾರಾಸಿಟಮಾಲ್ ಬೇಡ ಎಂದು ಬಿಡಿಸಿ ಹೇಳಬೇಕಾಯಿತು, ಆ ನೊರೆಯೂ ಸೋಡಿಯಂನದ್ದೇ. ರಾತ್ರಿ ಊಟ ಎಂಟೂವರೆಗೆ ಬಂತು.

ಆಮೇಲೆ ಲೋ ಸೋಡಿಯಂ ಉಪ್ಪಿನ ಪ್ರಶ್ನೆ. ಇದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 75ಕ್ಕೆ 25ರ ಇಂಥ ಮಿಶ್ರಣ ಪಾರ್ಶ್ವವಾಯುವನ್ನು ಶೇ 14ರಷ್ಟು ತಗ್ಗಿಸಿತ್ತು. ಮಗಳು ಓದಿ ತಿಳಿದು ಒಂದು ಪೊಟ್ಟಣ ತಂದೂ ಇಟ್ಟಿದ್ದಳು. ಒಳ್ಳೆಯ ವಸ್ತುವೇ, ಆದರೆ ಈ ಮನೆಗೆ ಬೇಡವೆಂದು ತೀರ್ಮಾನವಾಯಿತು. ಟೆಲ್ಮಿಸಾರ್ಟಾನ್ ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುತ್ತದೆ. ಗೃಹಿಣಿಯ ಮೂತ್ರಪಿಂಡ ಚೆನ್ನಾಗಿದ್ದುದರಿಂದ ರಕ್ತ ಪರೀಕ್ಷೆ ಮಾಡಿಸುತ್ತ ಬಳಸಬಹುದಿತ್ತೇನೋ. ಅತ್ತೆಯವರದು ಹಾಗಲ್ಲ. ಅವರಿಗೆ ಹಳೆಯ ಸಕ್ಕರೆ ಕಾಯಿಲೆ, ಮೂತ್ರಪಿಂಡದ ಶಕ್ತಿ ಅರ್ಧಕ್ಕೆ ಇಳಿದಿದೆ. ಅಂಥವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಒಂದೇ ಪಾತ್ರೆಯಲ್ಲಿ ಬೇಯುವ ಅಡುಗೆಗೆ ಹಾಕುವ ಉಪ್ಪನ್ನು ಆ ಪಾತ್ರೆಯಿಂದ ಉಣ್ಣುವವರೆಲ್ಲರ ಆರೋಗ್ಯ ನೋಡಿಯೇ ಆರಿಸಬೇಕು. ಗುಲಾಬಿ ಉಪ್ಪನ್ನೂ ಕೈಬಿಟ್ಟು ಅಯೋಡಿನ್ ಇರುವ ಪುಡಿ ಉಪ್ಪಿಗೇ ಮರಳಿದ್ದಾಯಿತು.

ಮನೆಯ ಉಪ್ಪನ್ನು ಇಳಿಸಿದ ಬಗೆ ಸರಳ. ನಾಲ್ವರು, ಏಳು ದಿನ, ತಲೆಗೆ ಒಂದು ಗ್ರಾಂ ಎಂದರೆ 28 ಗ್ರಾಂ. ಪ್ರತಿ ಸೋಮವಾರ ವಾರದ ಉಪ್ಪನ್ನು ತೂಗಿ ಮರಿಗೆಗೆ ಹಾಕುವುದು, ದೊಡ್ಡ ಪೊಟ್ಟಣವನ್ನು ಮೇಲಿನ ಕಪಾಟಿಗೆ ಏರಿಸುವುದು. ಮೊದಲ ಎರಡು ವಾರ 168 ಗ್ರಾಂ, ಮುಂದಿನ ಎರಡು ವಾರ 140, ಆಮೇಲೆ 112. ಕೊನೆಯದು ತಲೆಗೆ 4 ಗ್ರಾಂ. ಉಳಿದ ಒಂದು ಗ್ರಾಂ ಹಬ್ಬ, ಹೊರಗಿನ ತಿಂಡಿಗೆ ಬಿಟ್ಟದ್ದು. ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ನಾಲಿಗೆ ದಂಗೆಯೇಳುತ್ತದೆ. ಕೆಲವು ವಾರ ಕೊಟ್ಟರೆ ಅದೇ ನಾಲಿಗೆ ಕಡಿಮೆ ಉಪ್ಪನ್ನೇ ಸಾಕೆನ್ನುತ್ತದೆ.

ಮೊದಲ ವಾರ ಪತಿಯ ತಕರಾರು ಸಪ್ಪೆಯ ಬಗ್ಗೆ ಇರಲಿಲ್ಲ, ಸಾರು ಹುಳಿ ಹೊಡೆಯುತ್ತದೆ, ಪಲ್ಯ ಕಹಿ ಎಂಬುದಾಗಿತ್ತು. ಉಪ್ಪಿಗೆ ಕಹಿಯನ್ನು ಅಡಗಿಸುವ, ಹುಳಿಯನ್ನು ಹದಕ್ಕೆ ತರುವ ಗುಣವಿದೆ. ಉಪ್ಪನ್ನು ಇಳಿಸಿ ಹುಣಸೆ, ಮೆಣಸಿನ ಅಳತೆಯನ್ನು ಹಾಗೇ ಇಟ್ಟರೆ ಅವು ಮೇಲೆದ್ದು ಕಾಣುತ್ತವೆ. ಹುಣಸೆ, ಖಾರ ಎರಡನ್ನೂ ಸುಮಾರು ಕಾಲುಭಾಗ ತಗ್ಗಿಸಿ, ತೆಂಗಿನತುರಿ ತುಸು ಏರಿಸಿದ ಮೇಲೆ ತಕರಾರು ನಿಂತಿತು. ಪಲ್ಯಕ್ಕೆ ಬೇಯುವಾಗ ಉಪ್ಪು ಹಾಕದೆ ಇಳಿಸುವ ಹೊತ್ತಿಗೆ ಹಾಕಿದರೆ ಅದು ಹೋಳಿನ ಮೇಲ್ಮೈಯಲ್ಲೇ ಉಳಿದು, ಕಡಿಮೆಯಲ್ಲೇ ನಾಲಿಗೆಗೆ ತಾಗುತ್ತದೆ. ಅಕ್ಕಿರೊಟ್ಟಿ ಹಿಟ್ಟಿನ ಉಪ್ಪು ಪೂರ್ತಿ ಹೋಯಿತು, ಚಟ್ನಿಯಲ್ಲಿ ಇದ್ದೇ ಇದೆಯಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಂತೆ ಕಂಡದ್ದು ಮಾತ್ರ ಊಟದ ಸರದಿ. ಪಲ್ಯ ಮತ್ತು ಹುಳಿಯ ಹೋಳನ್ನು ಬಡಿಸುವ ಮುನ್ನವೇ ಅವರ ಪಾಲಿನದನ್ನು ಒಂದು ಡಬ್ಬಿಯಲ್ಲಿ ತೆಗೆದಿಡಬೇಕೆಂದು ಮಗಳಿಗೆ ಹೇಳಲಾಯಿತು. ರಾತ್ರಿಯಂತೂ ನಾಲ್ವರೂ ಒಟ್ಟಿಗೇ ಕೂರುವುದಾಯಿತು. ತಟ್ಟೆಯಲ್ಲಿ ತರಕಾರಿ ಇದ್ದರೆ ಮೊಸರನ್ನದ ಪಾಲು ತಾನಾಗಿ ಇಳಿಯುತ್ತದೆ, ಮಿಡಿಯ ಅಗತ್ಯವೂ. ಮೊಸರನ್ನದ ಜಾಗಕ್ಕೆ ತಂಬುಳಿ ಬಂತು: ಒಂದೆಲಗ, ದೊಡ್ಡಪತ್ರೆ, ನೆಲ್ಲಿಚಟ್ಟು ಯಾವುದಾದರೂ, ಜೀರಿಗೆ, ಕಾಳುಮೆಣಸು, ತೆಂಗಿನತುರಿ ರುಬ್ಬಿ ಮಜ್ಜಿಗೆಯಲ್ಲಿ ಕದಡಿ, ಒಗ್ಗರಣೆ ಕೊಟ್ಟರೆ ಉಪ್ಪಿಲ್ಲದೆಯೂ ಊಟ ಸಾಗುತ್ತದೆ. ಮಿಡಿ ಭಾನುವಾರಕ್ಕೆ ಮಾತ್ರ, ಅದೂ ಅರ್ಧ, ರಸವಿಲ್ಲದೆ.

ಉಪ್ಪು ತೆಗೆಯುವುದರ ಜೊತೆಗೆ ಸೇರಿಸುವುದೂ ಇತ್ತು. ಬಿಪಿ ಇಳಿಸಲೆಂದು ರೂಪಿಸಿದ ಡ್ಯಾಶ್ ಎಂಬ ಆಹಾರಕ್ರಮದ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನಗಳು, 1997ರದ್ದು ಮತ್ತು ಅದರ ಮುಂದುವರಿಕೆಯಾದ 2001ರದ್ದು, ತೋರಿಸಿಕೊಟ್ಟದ್ದು ಇದನ್ನೇ: ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು ಮೊಸರು ಹೆಚ್ಚಿದರೆ ಬಿಪಿ ಇಳಿಯುತ್ತದೆ, ಅದರ ಮೇಲೆ ಸೋಡಿಯಂ ತಗ್ಗಿಸಿದರೆ ಇನ್ನೂ ಇಳಿಯುತ್ತದೆ. ಅಲ್ಲಿನ ಪಟ್ಟಿಯನ್ನು ಹಾಗೇ ತರುವ ಅಗತ್ಯವಿರಲಿಲ್ಲ. ಹುರುಳಿಕಾಳು, ಹರಿವೆ, ಬಸಳೆ, ತೋಟದ ಬಾಳೆಹಣ್ಣು, ಬಾಳೆದಿಂಡು ಎಲ್ಲ ಮನೆಯ ಸುತ್ತಲೇ ಇದ್ದವು. ದಿನಕ್ಕೆ ಒಂದು ಬಾಳೆಹಣ್ಣು, ಒಂದು ಹೊತ್ತು ಸೊಪ್ಪು, ವಾರಕ್ಕೆ ಮೂರು ದಿನ ಕಾಳು ಎಂದಷ್ಟೇ ಹೇಳಲಾಯಿತು. ಅತ್ತೆಯವರ ಪಾಲಿನ ಸೊಪ್ಪನ್ನು ಬೇಯಿಸಿ ನೀರು ಬಸಿಯಬೇಕು, ಅವರಿಗೆ ಎಳನೀರು ಬೇಡ.

ನಡೆದದ್ದು

ಎರಡನೆಯ ವಾರದ ಕೊನೆಗೆ ಮನೆಯ ಸರಾಸರಿ 140/89. ಈ ಇಳಿಕೆಗೆ ಮುಖ್ಯ ಕಾರಣ ಡೈಕ್ಲೋಫೆನಾಕ್ ಮತ್ತು ಮಿಡಿ ನಿಂತದ್ದೇ ಇರಬೇಕು. ಅಡುಗೆಯ ಉಪ್ಪು ಆಗಿನ್ನೂ ಒಂದು ಗ್ರಾಂ ಮಾತ್ರ ಇಳಿದಿತ್ತು. ನಾಲ್ಕನೆಯ ವಾರ 135/86, ಆರನೆಯ ವಾರ 131/83. ಮೂರನೆಯ ಮಾತ್ರೆಯ ಮಾತು ಅಲ್ಲಿಗೆ ನಿಂತಿತು.

ಶ್ರಾವಣದಲ್ಲಿ ಒಮ್ಮೆ ಏರಿತು. ನೆಂಟರ ಮನೆಯ ಸಮಾರಂಭ, ಮೂರು ದಿನ ಹೊರಗಿನ ಊಟ, ಮನೆಗೆ ಬಂದ ಮೇಲೂ ಉಳಿದ ಚಕ್ಕುಲಿ. ಬಿಪಿ 146ಕ್ಕೆ ಹೋಗಿ ಒಂದು ವಾರದಲ್ಲಿ ತಾನಾಗಿ ಮರಳಿತು. ಅವರು ಗಾಬರಿಯಾದದ್ದು ನಿಜ. ಇಂಥ ಏರಿಳಿತಕ್ಕೆ ಮಾತ್ರೆ ಬದಲಿಸುವ ಅಗತ್ಯವಿಲ್ಲ, ವಾರದ ಸರಾಸರಿಯನ್ನೇ ನೋಡಬೇಕು.

ನಿಜವಾಗಿ ಕಷ್ಟವಾದದ್ದು ಆಮೇಲೆ. ಕೃಷ್ಣಾಷ್ಟಮಿಯ ಉಪವಾಸದಂದು ಬೆಳಿಗ್ಗೆ ಎರಡೂ ಮಾತ್ರೆ ನುಂಗಿ, ನೀರನ್ನೂ ಸರಿಯಾಗಿ ಕುಡಿಯದೆ ಕೆಲಸ ಮಾಡಿದವರಿಗೆ ಸಂಜೆ ಏಳುವಾಗ ಕಣ್ಣು ಕತ್ತಲಿಟ್ಟಿತು. ಕೂತಾಗ 112/70, ನಿಂತಾಗ 90/60. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕ 20 ಅಥವಾ ಹೆಚ್ಚು ಕುಸಿದರೆ ಬೀಳುವ ಅಪಾಯವಿದೆ. ಉಪ್ಪು ಹದಿನಾಲ್ಕು ಗ್ರಾಂ ಇದ್ದಾಗ ಸಾಲದಿದ್ದ ಮಾತ್ರೆಗಳೇ ಈಗ ಹೆಚ್ಚಾಗಿದ್ದವು. ಉಪ್ಪು ಇಳಿದಂತೆ ಮದ್ದನ್ನು ಮರುಪರಿಶೀಲಿಸುವ ದಿನವನ್ನು ಮುಂಚೆಯೇ ಗೊತ್ತುಮಾಡಿ, ಉಪವಾಸದ ದಿನ ಮಾತ್ರೆ ಏನು ಮಾಡಬೇಕೆಂದೂ ಹೇಳಿಡಬೇಕಿತ್ತು. ಯೋಜನೆಯಲ್ಲಿದ್ದ ದೊಡ್ಡ ಲೋಪ ಇದು.

ಮರುದಿನ ದವಾಖಾನೆಗೆ ಬರುವ ಬದಲು ಅವರು ಎರಡೂ ಮಾತ್ರೆಗಳನ್ನು ಬಿಟ್ಟರು. ಬಿಪಿ ವಾಸಿಯಾಯಿತು, ಇನ್ನು ಪಥ್ಯವೇ ಸಾಕು ಎಂದು ಮನೆಯಲ್ಲೆಲ್ಲ ಸಂತೋಷ. ಅಮ್ಲೋಡಿಪಿನ್ ಮೈಯಲ್ಲಿ ಕೆಲವು ದಿನ ಉಳಿಯುವುದರಿಂದ ಮೊದಲ ವಾರ ಏನೂ ಗೊತ್ತಾಗಲಿಲ್ಲ, ನಂಬಿಕೆ ಇನ್ನೂ ಗಟ್ಟಿಯಾಯಿತು. ಹನ್ನೆರಡನೆಯ ದಿನ ತಲೆನೋವಿನೊಂದಿಗೆ 150/94.

ಈಗಿನ ಪ್ರಶ್ನೆ ಯಾವ ಮಾತ್ರೆ ಮತ್ತೆ ಶುರುಮಾಡಬೇಕು ಎಂಬುದು. ಅಮ್ಲೋಡಿಪಿನ್ ಶುರುವಾದಾಗಿನಿಂದ ಸಂಜೆಗೆ ಪಾದ ಊದುತ್ತಿತ್ತು. ಅದನ್ನು ಅವರು ಮೈಯಲ್ಲಿ ನೀರು ತುಂಬಿದೆ ಎಂದುಕೊಂಡು ಬಾರ್ಲಿ ನೀರು ಕುಡಿಯುತ್ತಿದ್ದರು. ಮಾತ್ರೆ ಬಿಟ್ಟ ಹನ್ನೆರಡು ದಿನಗಳಲ್ಲಿ ಊತ ಇಳಿದಿತ್ತು. ಟೆಲ್ಮಿಸಾರ್ಟಾನ್ ಕಡಿಮೆ ಉಪ್ಪಿನಲ್ಲಿ ಚೆನ್ನಾಗಿ ಕೆಲಸ ಮಾಡುವಂಥದ್ದು. ಹಾಗಾಗಿ ಅದೊಂದನ್ನೇ 40 ಮಿಲಿಗ್ರಾಂ ಮರಳಿ ಕೊಡಲಾಯಿತು. ಎರಡು ವಾರಕ್ಕೆ ರಕ್ತದ ಪೊಟ್ಯಾಸಿಯಂ 4.6, ಕ್ರಿಯಾಟಿನಿನ್ ಬದಲಾಗಿರಲಿಲ್ಲ.

ನವೆಂಬರ್ ಕೊನೆಗೆ, ಆರು ತಿಂಗಳಾದಾಗ, ಒಂದೇ ಮಾತ್ರೆಯಲ್ಲಿ ಮನೆಯ ಸರಾಸರಿ 127/81. ತೂಕ 63 ಕಿಲೋ. 24 ಗಂಟೆಯ ಮೂತ್ರದಲ್ಲಿ ಸೋಡಿಯಂ 118 ಮಿಲಿಮೋಲ್, ಅಂದರೆ ತಿಂದದ್ದು ಏಳೂವರೆ ಗ್ರಾಮಿಗಿಂತ ತುಸು ಹೆಚ್ಚು. ಐದಕ್ಕೆ ಮುಟ್ಟಲಿಲ್ಲ. ಮರಿಗೆಯಲ್ಲಿ ತಲೆಗೆ ನಾಲ್ಕೇ ಗ್ರಾಂ ಇದ್ದರೂ ಹೊರಗಿನದು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿತ್ತು, ಬೇಕರಿಯ ಖಾರ ಪೂರ್ತಿ ಹೋಗಿರಲಿಲ್ಲ. ಯಾವ ಮಾತ್ರೆಯೂ ಇಲ್ಲದ ಪತಿಯ ಬಿಪಿ ಕೂಡ 138/88ರಿಂದ 130/84ಕ್ಕೆ ಬಂದಿತ್ತು.

ಲೆಕ್ಕಕ್ಕೆ ಸಿಕ್ಕಿದ್ದು, ಸಿಗದೇ ಉಳಿದದ್ದು

ಬಿಪಿ ಇರುವವರಲ್ಲಿ ದಿನಕ್ಕೆ ನಾಲ್ಕೂವರೆ ಗ್ರಾಮಿನಷ್ಟು ಉಪ್ಪು ಇಳಿಸಿದರೆ ಮೇಲಿನ ಅಂಕ ಸರಾಸರಿ ಐದರಷ್ಟು ಇಳಿಯುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಅಂದಾಜು. ಇವರದು ಆರು ಗ್ರಾಂ ಇಳಿಯಿತು, ಏಳರಷ್ಟು ನಿರೀಕ್ಷಿಸಬಹುದು. ಕಿಲೋ ತೂಕಕ್ಕೆ ಒಂದರಂತೆ ಮೂರು. ನೋವಿನ ಮಾತ್ರೆ ನಿಂತದ್ದಕ್ಕೆ ಇನ್ನು ಕೆಲವು ಅಂಕ. ಇವೆಲ್ಲ ಸೇರಿದರೂ, ಒಂದು ಮಾತ್ರೆ ಕಡಿಮೆಯಾಗಿ 146ರಿಂದ 127ಕ್ಕೆ ಬಂದದ್ದನ್ನು ಪೂರ್ತಿ ವಿವರಿಸಲಾಗದು. ಇವರು ಉಪ್ಪಿಗೆ ಹೆಚ್ಚು ಸ್ಪಂದಿಸುವ ಮೈಯವರು, ಟೆಲ್ಮಿಸಾರ್ಟಾನ್ ಕಡಿಮೆ ಉಪ್ಪಿನಲ್ಲಿ ಚುರುಕಾಯಿತು, ಸೊಪ್ಪು ಹಣ್ಣಿನ ಪಾಲೂ ಇದೆ ಎನ್ನಬಹುದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಈ ಒಂದು ಪ್ರಕರಣದಿಂದ ಬೇರ್ಪಡಿಸಲಾಗದು. ಆದ್ದರಿಂದ ಇದನ್ನು ಓದಿ ಉಪ್ಪು ಬಿಟ್ಟರೆ ಮಾತ್ರೆ ಬೇಡ ಎಂದುಕೊಳ್ಳಬಾರದು. ಇವರಿಗೂ ಮಾತ್ರೆ ಬೇಕೇ ಆಯಿತು, ಬಿಟ್ಟ ಹನ್ನೆರಡೇ ದಿನಕ್ಕೆ ಅದು ಗೊತ್ತಾಯಿತು.

ಇಂಥ ಮನೆಗಳಲ್ಲಿ ವಿಚಾರಿಸುವವರು ಮನೆಯ ಸರಾಸರಿಯನ್ನು ನಂಬಿ ನಿಲ್ಲಬಾರದು. ಒಂದೇ ಮರಿಗೆಯ ಉಪ್ಪು ಉಣ್ಣುವ ನಾಲ್ವರಲ್ಲಿ ಒಬ್ಬರ ಪಾಲು ಎರಡರಷ್ಟಿರಬಹುದು, ಹೆಚ್ಚಾಗಿ ಅದು ಕೊನೆಗೆ ಕೂರುವವರದ್ದು. ಯಾವ ಹೊತ್ತಿಗೆ ಉಣ್ಣುತ್ತೀರಿ, ಆಗ ಪಾತ್ರೆಯಲ್ಲಿ ಏನು ಉಳಿದಿರುತ್ತದೆ, ಎದೆಯುರಿಗೆ ಏನು ಕುಡಿಯುತ್ತೀರಿ, ನೋವಿಗೆ ಏನು ನುಂಗುತ್ತೀರಿ: ಈ ನಾಲ್ಕು ಪ್ರಶ್ನೆಗೆ ಐದು ನಿಮಿಷ ಸಾಕು.

ಮುಂದಿನ ಏಪ್ರಿಲ್‌ಗೆ ತಯಾರಿ ಈಗಲೇ ನಡೆದಿದೆ. ಮಿಡಿಗೆ ಹಾಕುವ ಉಪ್ಪನ್ನು ಇಳಿಸೋಣವೇ ಎಂದು ಅವರು ಕೇಳಿದ್ದರು. ಅದು ಬೇಡ; ಉಪ್ಪು ಸಾಲದ ಮಿಡಿ ಮೆತ್ತಗಾಗುತ್ತದೆ, ಬೂಸಲು ಹಿಡಿಯುತ್ತದೆ, ಜಾಡಿಯೇ ಹಾಳು. ಉಪ್ಪಿನ ಅಳತೆ ಹಳೆಯದೇ ಇರಲಿ, ಜಾಡಿ ಎರಡರ ಬದಲು ಒಂದೇ ಇರಲಿ ಎಂದಾಯಿತು. ಹಪ್ಪಳದ ಹಿಟ್ಟಿನ ರುಚಿ ನೋಡುವ ಕೆಲಸವನ್ನು ಮಗಳು ವಹಿಸಿಕೊಳ್ಳುತ್ತಾಳೆ. ಮಾರ್ಚ್ ನಡುವಿನಿಂದ ಜೂನ್‌ವರೆಗೆ ಹದಿನೈದು ದಿನಕ್ಕೊಮ್ಮೆ ಬಿಪಿಯ ಚೀಟಿ ಕಳಿಸುವುದು, ಮೂರು ತಿಂಗಳಿಗೊಮ್ಮೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್. ಉಪವಾಸದ ದಿನ, ವಾಂತಿ ಭೇದಿಯಾದ ದಿನ ಮಾತ್ರೆ ನುಂಗುವ ಮುನ್ನ ಫೋನ್ ಮಾಡಬೇಕು ಎಂಬ ಸಾಲನ್ನು ಚೀಟಿಯ ಮೇಲ್ಭಾಗದಲ್ಲೇ, ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟಿದೆ.